ಜಾಣಕಿವುಡಿನ ಕುದುರೆ ಬೇಕಾಗಿದೆ

ಐವತ್ತೊಂದು ತುಂಬಿದ ಹೆಂಗಸು ಏನೇನು ಕೊಳ್ಳಬಹುದು ಅನ್ನೋದಕ್ಕೆ ನಮ್ಮ ಕಡೆ ಬರೆಯದ ಒಂದು ಪಟ್ಟಿ ಇದೆ. ಎರಡೆಳೆ ಸರ, ಕಾಶಿಗೆ ಟಿಕೆಟ್ಟು, ಮಂಡಿಗೆ ತಿಕ್ಕುವ ಎಣ್ಣೆ. ಕುದುರೆ ಆ ಪಟ್ಟಿಯಲ್ಲಿಲ್ಲ. ನಾನು ಕುದುರೆ ಕೊಳ್ಳುತ್ತೇನೆ ಎಂದಾಗ ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಬಿದ್ದರೆ?"

"ಸಾಧು ಕುದುರೆ ನೋಡಿ ಕೊಂಡ್ಕೋತೀನಿ. ಬೀಳಲ್ಲ."

"ಅದು ಬೀಳಲ್ಲ ಕಣೇ. ನೀನು ಬೀಳ್ತೀಯ."

ಕ್ಯಾಲಿಫೋರ್ನಿಯಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅದರಲ್ಲಿ ಹನ್ನೆರಡು ವರ್ಷ ಬಾಡಿಗೆ ಕುದುರೆಗಳ ಮೇಲೆ ಕೂತು ಡ್ರೆಸಾಜ್ ಕಲಿಯುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಇಪ್ಪತ್ತು ಮೀಟರ್ ಅಗಲ, ಅರವತ್ತು ಮೀಟರ್ ಉದ್ದದ ಮರಳಿನ ಅಂಗಳ. ಸುತ್ತ ಎ, ಕೆ, ವಿ, ಇ, ಎಸ್, ಎಚ್ ಎಂದು ಒಂದನೇ ಕ್ಲಾಸಿನ ಮಗು ಹಠ ಮಾಡಿ ಜೋಡಿಸಿದ ಹಾಗೆ ಅಕ್ಷರಗಳು. ನೀವು ಕುದುರೆಯನ್ನು ಆ ಅಕ್ಷರದಿಂದ ಈ ಅಕ್ಷರಕ್ಕೆ ನಡೆಸಬೇಕು, ಓಡಿಸಬೇಕು, ಸುತ್ತಿಸಬೇಕು. ತುದಿಯಲ್ಲಿ ಕೂತ ತೀರ್ಪುಗಾರರು ಪ್ರತಿ ತಿರುವಿಗೂ ಸೊನ್ನೆಯಿಂದ ಹತ್ತರ ತನಕ ಅಂಕ ಹಾಕುತ್ತಾರೆ. ಆರು ಬಂದರೆ 'ತೃಪ್ತಿಕರ'. ಹನ್ನೆರಡು ವರ್ಷದಿಂದ ನಾನು ತೃಪ್ತಿಕರ. ನನ್ನ ಮಟ್ಟದ ಪರೀಕ್ಷೆಯಲ್ಲಿ ಮಾಡಬೇಕಾದ ಅತಿ ಘನವಾದ ಸಾಹಸ ಇಪ್ಪತ್ತು ಮೀಟರಿನ ಒಂದು ವೃತ್ತ. ನನ್ನದು ಸಾಮಾನ್ಯವಾಗಿ ಕೋಳಿಮೊಟ್ಟೆಯ ಆಕಾರಕ್ಕೆ ಬರುತ್ತದೆ.

ಈ ಮೊಟ್ಟೆ ಹಾಕಲು ನಾಲ್ಕು ಕಾಲಿರುವ ಯಾವ ಪ್ರಾಣಿಯಾದರೂ ಸಾಕಿತ್ತು. ಆದರೆ ನನಗೆ ಬೇಕಾದದ್ದು ಐಬೀರಿಯದ ಕುದುರೆ. ಸ್ಪೇನಿನ ಪೂರಾ ರಾಸಾ ಎಸ್ಪನ್ಯೋಲಾ, ಇಲ್ಲವೇ ಪೋರ್ಚುಗಲ್ಲಿನ ಲುಸಿತಾನೊ. ಕಮಾನಿನಂಥ ಕತ್ತು, ಮೊಣಕಾಲು ಮುಟ್ಟುವ ಜೂಲು, ರಾಜರ ತೈಲಚಿತ್ರದಲ್ಲಿ ಒಂದು ಕಾಲೆತ್ತಿ ನಿಂತಿರುತ್ತದಲ್ಲ, ಅದೇ.

ತಪ್ಪು ನನ್ನೊಬ್ಬಳದೇ ಅಲ್ಲ. 2010ರಲ್ಲಿ ಕೆಂಟಕಿಯಲ್ಲಿ ವಿಶ್ವ ಕುದುರೆ ಕ್ರೀಡಾಕೂಟ ನಡೆದಾಗ ಹುವಾನ್ ಮನ್ವೆಲ್ ಮುನ್ಯೋಸ್ ದಿಯಾಸ್ ಎಂಬ ಸ್ಪೇನಿನ ಸವಾರ ಬಿಳಿ ಕುದುರೆಯೊಂದನ್ನು ಸಂಗೀತಕ್ಕೆ ಕುಣಿಸಿದರು. ಲಗಾಮು ಒಂದೇ ಕೈಯಲ್ಲಿ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು. ಆ ವಿಡಿಯೊ ನೋಡಿ ಜಗತ್ತಿನಲ್ಲಿ ಎಷ್ಟು ನಡುವಯಸ್ಸಿನ ಹೆಂಗಸರ ತಲೆ ಕೆಟ್ಟಿತೋ, ನನ್ನದಂತೂ ಕೆಟ್ಟಿತು. ಆ ಕುದುರೆಯ ಹೆಸರು ಫ್ವೆಗೊ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಬೆಂಕಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನಿನ ತಂಡ ಬೆಳ್ಳಿ ಗೆದ್ದಾಗ ಅದರಲ್ಲಿದ್ದ ಸ್ಪೇನ್ ತಳಿಯ ಕುದುರೆಗಳಲ್ಲಿ ಒಂದು ಇನ್ವಾಸೋರ್. ಅಂದರೆ ದಾಳಿಕೋರ. ಟೋಕಿಯೊದಲ್ಲಿ ಪೋರ್ಚುಗಲ್ಲಿಗಾಗಿ ಕುಣಿದದ್ದು ಫೊಗೋಜು, ಎಂದರೆ ಉರಿಯುವವನು. ಶಾಂತಪ್ಪ ಎಂಬ ಹೆಸರಿನ ಕುದುರೆ ಒಲಿಂಪಿಕ್ಸ್‌ಗೆ ಹೋದದ್ದು ನಾನು ಕೇಳಿಲ್ಲ. ಬೆಂಕಿ, ದಾಳಿಕೋರ, ಉರಿಯುವವನು, ಇವರನ್ನೆಲ್ಲ ನೋಡಿ ಕಣ್ಣು ತುಂಬಿಸಿಕೊಂಡು ಹೋಗಿ ನಾನು ಟ್ರೇನರ್ ಹತ್ತಿರ ಹೇಳಿದ್ದು: "ಇಂಥಾದ್ದೇ ಬೇಕು. ಆದರೆ ಸಾಧುವಾಗಿರಬೇಕು."

ಟ್ರೇನರ್ ನಗಲಿಲ್ಲ. ಗಿರಾಕಿಯ ಮುಂದೆ ನಗದಿರುವುದು ಆ ವೃತ್ತಿಯ ಮೊದಲ ಪಾಠ.

ಕುದುರೆ ಜಾಹೀರಾತು ಓದಲು ನನಗೆ ತರಬೇತಿ ಬೇಕಾಗಲಿಲ್ಲ. ಮೂವರು ತಂಗಿಯರಿಗೆ ಗಂಡು ಹುಡುಕಿದ ಮನೆಯ ದೊಡ್ಡ ಮಗಳು ನಾನು. 'ಮೃದು ಸ್ವಭಾವ' ಎಂದರೆ ಸಂಬಳ ಕಡಿಮೆ, 'ಮುಕ್ತ ಮನಸ್ಸಿನವರು' ಎಂದರೆ ಕುಡಿತ ಉಂಟು ಎಂದು ಓದಿಕೊಂಡು ಬೆಳೆದವಳಿಗೆ ಇದೇನು ಮಹಾ? 'ಸೂಕ್ಷ್ಮಮತಿ' ಎಂದರೆ ಪ್ಲಾಸ್ಟಿಕ್ ಚೀಲ ಕಂಡರೆ ಪಕ್ಕದ ಊರಿಗೆ ಹೋಗುತ್ತದೆ. 'ಆತ್ಮವಿಶ್ವಾಸವಿರುವ ಸವಾರರಿಗೆ' ಎಂದರೆ ಹಿಂದಿನ ಸವಾರರ ಆತ್ಮವಿಶ್ವಾಸ ಈಗ ಪ್ಲಾಸ್ಟರಿನಲ್ಲಿದೆ. 'ಕೈಯಲ್ಲಿ ಹಿಡಿದು ನಡೆಸಿದರೆ ಹಸುಗೂಸು' ಎಂದಿದ್ದರೆ ಮೇಲೆ ಹತ್ತುವ ಮಾತು ಯಾಕೆ ಎತ್ತಿಲ್ಲ ಎಂದು ಕೇಳಬೇಕು. 'ಕುದುರೆಯ ತಪ್ಪೇನೂ ಇಲ್ಲದೆ ಮಾರಾಟಕ್ಕಿದೆ' ಎಂದು ಯಾರೂ ಕೇಳದೆಯೇ ಹೇಳಿದರಂತೂ ಮುಗಿಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ನಮ್ಮ ಹಿರಿಯರು ಕುದುರೆ ಮಾರಿರಲಿಲ್ಲ. ಮಾರಿದ್ದರೆ ಸಾವಿರಕ್ಕೆ ನಿಲ್ಲಿಸುತ್ತಿರಲಿಲ್ಲ.

ಜೊತೆಗೆ ಗೋತ್ರ. ಸ್ಪೇನಿನವರು 1912ರಲ್ಲೇ ವಂಶಾವಳಿಯ ಪುಸ್ತಕ ತೆರೆದು ಕೂತವರು. ಹೇರೆಸ್‌ನ ಕಾರ್ತೂಸಿಯನ್ ಮಠದ ಸನ್ಯಾಸಿಗಳು ಸಾಕಿದ ಸಾಲಿನದು ಎಂದರೆ ಬೆಲೆಗೆ ಒಂದು ಸೊನ್ನೆ ಹೆಚ್ಚು. ಸನ್ಯಾಸಿಗಳು ವಂಶ ಬೆಳೆಸಿದ ಒಂದೇ ಉದಾಹರಣೆ ಇದಿರಬೇಕು. ಪೋರ್ಚುಗಲ್ಲಿನ ಬ್ರಗಾನ್ಸಾ ರಾಜಮನೆತನ 1748ರಲ್ಲಿ ಅಲೆಂತೇಜುವಿನ ಆಲ್ತೆರ್ ಎಂಬ ಊರಲ್ಲಿ ಲಾಯ ಹಾಕಿತು, ಅಲ್ಲಿನವು ಆಲ್ತೆರ್ ರೆಯಾಲ್. ಲುಸಿತಾನೊಗಳಲ್ಲಿ ಒಂದು ಅನುಕೂಲ ಉಂಟು. ಆಯಾ ವರ್ಷ ಹುಟ್ಟಿದ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡಬೇಕು. ನಮ್ಮಲ್ಲಿ ನಕ್ಷತ್ರ ನೋಡಿ ಅಕ್ಷರ ತೆಗೆಯುವ ಹಾಗೆ. ಟೋಕಿಯೊಗೆ ಹೋದ ಎಕ್ವದೋರ್, ಎಸ್ಕೊರಿಯಾಲ್ ಎರಡೂ 2009ರ ಕೂಸುಗಳು. ಹೆಸರು ಕೇಳಿದರೆ ವಯಸ್ಸು ಗೊತ್ತಾಗುತ್ತದೆ. ಬಾಯಿ ಬಿಡಿಸಿ ಹಲ್ಲು ಎಣಿಸಬೇಕಿಲ್ಲ.

ಹಲ್ಲು ಎಂದಾಗ ತಾತ ನೆನಪಾದರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತಿನ ಜೋಡಿ ಕೊಳ್ಳುವಾಗ ತಾತ ಮೊದಲು ಬಾಯಿ ನೋಡೋರು, ಆಮೇಲೆ ಸುಳಿ, ಆಮೇಲೆ ಗೊರಸು. ಎತ್ತಿನ ಮುಖ ಮಾತ್ರ ಕೊನೆಗೆ. ದಲ್ಲಾಳಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದ. ಅಡಿಯಲ್ಲಿ ಎಷ್ಟು ಬೆರಳು ಎಂದು ಮೂರನೆಯವನಿಗೆ ತಿಳಿಯುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪ್ರದರ್ಶನದ ಕುದುರೆ ಮಾರಿದರೆ ಲಿಖಿತ ಕ್ರಯಪತ್ರ ಇರಬೇಕು, ದಲ್ಲಾಳಿ ಎರಡೂ ಕಡೆ ನಿಂತಿದ್ದರೆ ಇಬ್ಬರಿಗೂ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಕಾನೂನೇ ಇದೆ. ಟವೆಲ್ಲು ತೆಗೆದುಬಿಡಿ ಎಂದು ಸರ್ಕಾರವೇ ಹೇಳಬೇಕಾದರೆ ಅದರ ಅಡಿಯಲ್ಲಿ ಎಷ್ಟು ಕೈಗಳು ಸಿಕ್ಕಿರಬೇಕು ಲೆಕ್ಕ ಹಾಕಿ. ನಮ್ಮ ಟ್ರೇನರ್ ನನ್ನಿಂದ ಶೇಕಡಾ ಹತ್ತು ತಗೋತೇನೆ ಎಂದು ಮುಖಕ್ಕೆ ಹೇಳಿದರು. ಆ ಪ್ರಾಮಾಣಿಕತೆಗೆ ಮರುಳಾಗಿ, ಮಾರುವವರಿಂದ ಎಷ್ಟು ಎಂದು ಕೇಳುವುದನ್ನೇ ಮರೆತೆ.

ಮೊದಲು ನೋಡಿದ್ದು ಎರಡು ಗಂಟೆ ದಾರಿಯ ಒಂದು ಲಾಯದಲ್ಲಿ. ಏಳು ವರ್ಷದ ಬಿಳಿ ಗಂಡುಕುದುರೆ, ಸ್ಪೇನಿನಿಂದ ಬಂದದ್ದು. ಹತ್ತು ಗಂಟೆಗೆ ಬನ್ನಿ ಎಂದಿದ್ದರು. ನಾವು ಹತ್ತಕ್ಕೇ ಹೋದೆವು. ಕುದುರೆ ಆಗಲೇ ಜೀನು ಕಟ್ಟಿಕೊಂಡು, ಜೂಲು ಹೆಣೆಸಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದ ಹುಡುಗಿಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಜೀನಿನ ಅಂಚಿನಲ್ಲಿ ಒಣಗಿದ ಬೆವರಿನ ಉಪ್ಪಿನ ಗೆರೆ. ಬೆಳಗಿನ ಜಾವದಿಂದ ಹಗ್ಗ ಕಟ್ಟಿ ಸುತ್ತಿಸಿ ಸುತ್ತಿಸಿ ದಣಿಸಿದ್ದರು. ಇದು ಮೊದಲನೇ ದರ್ಜೆಯ ಉಪಾಯ. ಎರಡನೇ ದರ್ಜೆಯದು ಏಸ್‌ಪ್ರೋಮಝೀನ್ ಎಂಬ ಮತ್ತಿನ ಮದ್ದು. ಕೊಟ್ಟರೆ ಎಂಥ ದಾಳಿಕೋರನೂ ಪ್ರವಚನ ಕೇಳುವ ನಿವೃತ್ತ ಮೇಷ್ಟ್ರ ಥರ ತೂಗುತ್ತಾ ನಿಲ್ಲುತ್ತಾನೆ. ಅದಕ್ಕೇ ತಿಳಿದವರು ಖರೀದಿಗೆ ಮುಂಚೆ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸುತ್ತಾರೆ. ಕುದುರೆಯನ್ನು ಲಾಯದಿಂದ ಹೊರಗೆ ತರುವುದನ್ನೂ ಜೀನು ಕಟ್ಟುವುದನ್ನೂ ಕಣ್ಣಾರೆ ನೋಡಬೇಕು, ಮಾರುವವರೇ ಮೊದಲು ಹತ್ತಿ ತೋರಿಸಬೇಕು, ಮರುದಿನ ಹೇಳದೆ ಕೇಳದೆ ಹೋಗಿ ಮತ್ತೊಮ್ಮೆ ನೋಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಹೆಣೆದ ಜೂಲು ನೋಡಿದ ಮೇಲೆ ಗೊತ್ತಿದ್ದದ್ದು ಯಾವುದೂ ತಲೆಯಲ್ಲಿ ಉಳಿಯಲಿಲ್ಲ.

ಹತ್ತಿದೆ. ಉಸಿರು ಬಿಟ್ಟೆ, ಅದು ಗಕ್ಕನೆ ನಿಂತಿತು. ಹೆದರಿ ಮಂಡಿ ಒತ್ತಿದೆ, ಮುಂದಕ್ಕೆ ನೆಗೆಯಿತು. ಮತ್ತೂ ಹೆದರಿ ಲಗಾಮು ಎಳೆದೆ. ಮಂಡಿ ಹೋಗು ಎನ್ನುತ್ತಿದೆ, ಕೈ ನಿಲ್ಲು ಎನ್ನುತ್ತಿದೆ. ಆ ಪುಣ್ಯಾತ್ಮ ಎರಡನ್ನೂ ಪಾಲಿಸಿದ. ನಿಂತಲ್ಲೇ ಟ್ರಾಟ್ ಶುರುಮಾಡಿದ. ಪಿಯಾಫ್! ಫ್ವೆಗೊ ಮಾಡಿದ್ದ ಅದೇ ಪಿಯಾಫ್! ಕೆಳಗೆ ಟ್ರೇನರ್ "ಆಹಾ, ಎಂಥ ಸ್ಪಂದನೆ" ಎನ್ನುತ್ತಿದ್ದರು. ಮೇಲೆ ನಾನು ಮಂಜುನಾಥನಿಗೆ ಮುಡಿಪು ಕಟ್ಟುತ್ತಿದ್ದೆ.

ಇಳಿದ ಮೇಲೆ ಕಾಲು ನಡುಗುವುದು ನಿಂತಾಗ ಒಂದು ವಿಷಯ ಹೊಳೆಯಿತು. ಆ ಕುದುರೆಯಲ್ಲಿ ಒಂದಿಷ್ಟೂ ದುಷ್ಟತನ ಇರಲಿಲ್ಲ. ನಾನು ಹೇಳಿದ್ದನ್ನೆಲ್ಲ ಅದು ಕೇಳಿತು. ಕಷ್ಟ ಇದ್ದದ್ದೇ ಅಲ್ಲಿ. ಈ ತಳಿ ಯುದ್ಧಕ್ಕೆ ಬೆಳೆದದ್ದು, ಅಖಾಡದಲ್ಲಿ ಹೋರಿಯ ಕೊಂಬು ಗೇಣು ದೂರಕ್ಕೆ ಬಂದಾಗ ಸವಾರನ ಸೊಂಟ ಅಲ್ಲಾಡಿದರೆ ಸಾಕು, ತಿರುಗಿಬಿಡುವುದಕ್ಕೆ ಬೆಳೆದದ್ದು. ಹಾವೇರಿ ಕಡೆಯ ಹೋರಿ ಬೆದರಿಸುವ ಹಬ್ಬದಲ್ಲಿ ನೀವು ಕುದುರೆ ಮೇಲೆ ಕೂತು ನುಗ್ಗುವವರಾದರೆ ಇದಕ್ಕಿಂತ ಒಳ್ಳೆಯ ಪ್ರಾಣಿ ಬೇರೆ ಇಲ್ಲ. ನನ್ನ ಸೊಂಟ ಮಾತ್ರ ಹೋರಿ ಇಲ್ಲದಾಗಲೂ ಅಲ್ಲಾಡುತ್ತದೆ. ನಿಮಿಷಕ್ಕೆ ನಲವತ್ತು ಅರ್ಥವಿಲ್ಲದ ಅಪ್ಪಣೆ ಹೊರಡಿಸುವವಳಿಗೆ ನಲವತ್ತನ್ನೂ ಜಾರಿ ಮಾಡುವ ನೌಕರ ಸಿಕ್ಕರೆ ಆಗುವುದೇ ಹೀಗೆ.

ಹಾಗಾದರೆ ನನಗೆ ಬೇಕಾದದ್ದೇನು? ಉತ್ತರ ಮನೆಯಲ್ಲೇ ಸೋಫಾದ ಮೇಲೆ ಪೇಪರ್ ಹಿಡಿದು ಕೂತಿತ್ತು. ಇಪ್ಪತ್ತಾರು ವರ್ಷದ ಸಂಸಾರ ನಿಂತಿರುವುದು ನಮ್ಮನೆಯವರ ಜಾಣಕಿವುಡಿನ ಮೇಲೆ. ನಾನು ಹತ್ತು ಹೇಳಿದರೆ ಮೂರು ಕೇಳಿಸಿಕೊಂಡು ಒಂದನ್ನು ಮಾಡುತ್ತಾರೆ, ಆ ಒಂದು ಸಾಮಾನ್ಯವಾಗಿ ಸರಿಯಾದದ್ದೇ ಆಗಿರುತ್ತದೆ. ಕುದುರೆ ಹೀಗಿರಬೇಕು. ಜಾಹೀರಾತುಗಳಲ್ಲಿ ಮಾತ್ರ ಸ್ಪಂದನೆಗೆ ಬೆಲೆ ಕಟ್ಟಿರುತ್ತಾರೆ. ಕಿವುಡಿಗೆ ಬೆಲೆ ಕಟ್ಟಿದವರು ಯಾರೂ ಇಲ್ಲ. ಇದನ್ನು ಅರ್ಥ ಮಾಡಿಕೊಂಡ ನಾನು ಏನು ಮಾಡಿದೆ ಗೊತ್ತೇ? ಅದೇ ಬಿಳಿ ಕುದುರೆಗೆ ಡಾಕ್ಟರ್ ಪರೀಕ್ಷೆ ಮಾಡಿಸಿದೆ. ತಿಳಿವಳಿಕೆ ತಲೆಯಲ್ಲಿತ್ತು, ಚೆಕ್‌ಬುಕ್ ಕೈಯಲ್ಲಿತ್ತು.

ಕುದುರೆ ಕಂಡರೆ ಕಾಲುನೋವು ಎನ್ನುತ್ತಾರಲ್ಲ, ಡಾಕ್ಟರನ್ನು ಕಂಡರೆ ಕುದುರೆಗೇ ಕಾಲುನೋವು. ಒಂದೊಂದು ಕಾಲನ್ನೂ ನಿಮಿಷದ ತನಕ ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡಿಸಿ, ಕುಂಟುತ್ತದೋ ಎಂದು ನೋಡಿದರು. ಎಕ್ಸ್‌ರೇ ತೆಗೆದರು. ಕೊನೆಗೆ ಬಾಲ ಎತ್ತಿ ಅಲ್ಲಿದ್ದ ಕಪ್ಪು ಗಂಟುಗಳನ್ನು ತೋರಿಸಿದರು. ಈ ಕುದುರೆಗಳು ಬಿಳಿಯಾಗಿ ಹುಟ್ಟುವುದಿಲ್ಲ. ಕಪ್ಪೋ ಕಂದೋ ಆಗಿ ಹುಟ್ಟಿ ವರ್ಷ ವರ್ಷಕ್ಕೆ ನರೆಯುತ್ತವೆ. ನರೆಸುವ ಆ ವಂಶವಾಹಿಯೇ ಚರ್ಮದಲ್ಲಿ ಮೆಲನೋಮ ಗಂಟುಗಳನ್ನೂ ಕಟ್ಟಿಸುತ್ತದೆ, ವಯಸ್ಸಾದ ಬಿಳಿ ಕುದುರೆಗಳಲ್ಲಿ ಬಹುಪಾಲಿಗೆ ಇದು ಇದ್ದದ್ದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿದ್ದೆ. ಬಾಲ ಎತ್ತಿ ನೋಡಬೇಕು ಎಂದು ಯಾರೂ ಹೇಳಿರಲಿಲ್ಲ. "ಮೇವೂ ಹಿಡಿತದಲ್ಲಿರಲಿ," ಎಂದು ಡಾಕ್ಟರ್ ಸೇರಿಸಿದರು. ಗಾಳಿ ಕುಡಿದೇ ಬೊಜ್ಜು ಬರಿಸಿಕೊಳ್ಳುವ ತಳಿ, ಇನ್ಸುಲಿನ್ ಏರುಪೇರಾದರೆ ಗೊರಸಿನೊಳಗೆ ಬಾವು ಬಂದು ನಿಲ್ಲಲಾಗುವುದಿಲ್ಲ. ಮನೆಯಲ್ಲಿ ಆಗಲೇ ಇಬ್ಬರಿಗೆ ಶುಗರ್. ಮೂರನೆಯವನನ್ನು ದುಡ್ಡು ಕೊಟ್ಟು ತರುವ ಧೈರ್ಯ ಬರಲಿಲ್ಲ.

ಟ್ರೇನರ್ ಸೋಲೊಪ್ಪುವವರಲ್ಲ. "ಮೂಲಕ್ಕೇ ಹೋಗೋಣ. ಅಲ್ಲಿ ಅಗ್ಗ," ಎಂದರು.

ಪೋರ್ಚುಗೀಸರ ಜೊತೆ ಕುದುರೆ ವ್ಯಾಪಾರ ನಮ್ಮವರಿಗೆ ಹೊಸದಲ್ಲ. ವಿಜಯನಗರಕ್ಕೆ ಹೊರ್ಮುಜ್, ಏಡನ್ ಕಡೆಯಿಂದ ಕುದುರೆ ಬರುತ್ತಿತ್ತು. 1510ರಲ್ಲಿ ಗೋವಾ ಹಿಡಿದ ಮೇಲೆ ಆ ಕಡಲ ದಾರಿಗೆ ಪೋರ್ಚುಗೀಸರೇ ಯಜಮಾನರು. 1530ರ ದಶಕದಲ್ಲಿ ಹಂಪೆಯಲ್ಲಿದ್ದ ಪೋರ್ಚುಗೀಸ ಫೆರ್ನಾವ್ ನೂನಿಜ್, ಅವರು ಬರುವುದಕ್ಕೂ ಮುಂಚಿನ ರಾಜ ಸಾಳುವ ನರಸಿಂಹನ ಖರೀದಿಯ ಬಗ್ಗೆ ಬರೆದಿದ್ದಾನೆ. ಸಾವಿರ ಪರ್ದಾವ್‌ಗೆ ಮೂರು ಕುದುರೆ, ಸತ್ತಿರಲಿ ಬದುಕಿರಲಿ. ಹಡಗಿನಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ರಾಜ ಪೂರ್ತಿ ದುಡ್ಡು ಕೊಡುತ್ತಿದ್ದನಂತೆ. ಹೇಳಿದವನು ಸ್ವತಃ ಕುದುರೆ ವ್ಯಾಪಾರಿ ಎನ್ನುತ್ತಾರೆ ಇತಿಹಾಸಕಾರರು, ಎಷ್ಟು ನಂಬಬೇಕೋ ನಂಬಿ. ನನಗಂತೂ ಸಾಳುವ ನರಸಿಂಹನ ಮೇಲೆ ಗೌರವ ಹೆಚ್ಚಾಯಿತು. ಒದೆಯದ, ಕಚ್ಚದ, ಬೆದರದ, ಪೂರಾ ಸಾಧು ಕುದುರೆಗೆ ದುಡ್ಡು ಕೊಟ್ಟ ಗಿರಾಕಿ ಅವನೊಬ್ಬನೇ.

ನವೆಂಬರಿನಲ್ಲಿ ಪೋರ್ಚುಗಲ್ಲಿನ ಗೊಲೆಗಾ ಎಂಬ ಊರಿಗೆ ಹೋದೆವು. ಸಂತ ಮಾರ್ಟಿನನ ಹಬ್ಬಕ್ಕೆ ಅಲ್ಲಿ ಕುದುರೆ ಜಾತ್ರೆ. ಬೀದಿ ತುಂಬ ಸುಟ್ಟ ಚೆಸ್ಟ್‌ನಟ್ ಕಾಯಿಯ ಹೊಗೆ, ಹೊಗೆಯೊಳಗೆ ಅಗಲ ಅಂಚಿನ ಟೋಪಿ ಹಾಕಿದ ಸವಾರರು. ಬೀಜದ ಕುದುರೆಗಳು ಒಂದರ ಪಕ್ಕ ಒಂದು, ಮಕ್ಕಳ ತಳ್ಳುಗಾಡಿ, ನಾಯಿ, ಪೀಪಿ, ಕುಡುಕರ ಮಧ್ಯೆ, ಆರಾಮವಾಗಿ ನಿಂತಿವೆ. ಸವಾರನ ಒಂದು ಕೈಯಲ್ಲಿ ವೈನಿನ ಲೋಟ. ಯಾವ ಕುದುರೆಯೂ ಪಿಯಾಫ್ ಮಾಡುತ್ತಿಲ್ಲ, ಪಕ್ಕದೂರಿಗೆ ಹೋಗುತ್ತಿಲ್ಲ. ಇವೂ ಅದೇ ತಳಿ, ಅದೇ ಗೋತ್ರ. ಆದರೆ ದಿನಾ ದುಡಿಯುತ್ತವೆ, ದನದ ಹಿಂದೆ ಹೋಗುತ್ತವೆ, ಊರು ಸುತ್ತುತ್ತವೆ. ಇದೇ ಕುದುರೆಯನ್ನು ನಾವು ವಿಮಾನದಲ್ಲಿ ತಂದು, ದಿನದ ಇಪ್ಪತ್ತಮೂರು ಗಂಟೆ ಹನ್ನೆರಡಡಿ ಕೋಣೆಯಲ್ಲಿ ಕೂಡಿಹಾಕಿ, ಪುಷ್ಕಳ ಕುದುರೆ ಮೆಂತ್ಯ ಸೊಪ್ಪು ತಿನ್ನಿಸಿ, ವಾರಕ್ಕೆ ಮೂರು ಸಲ ನಲವತ್ತು ನಿಮಿಷ ಹತ್ತಿ, ಮೊಟ್ಟೆ ಹಾಕಿ ಇಳಿದು, ಈ ತಳಿಗೆ ತಲೆ ಬಿಸಿ ಎನ್ನುತ್ತೇವೆ.

ಅಲ್ಲಿಂದ ಮುಂದೆ ಅಲೆಂತೇಜುವಿನ ಒಂದು ತೋಟದ ಮನೆ. ಯಜಮಾನ ಮೊದಲು ತೋರಿಸಿದ್ದು ಮತ್ತೊಂದು ಬಿಳಿ ಗಂಡುಕುದುರೆ. ಅದನ್ನು ಅಮೆರಿಕಕ್ಕೆ ತರಬೇಕಾದರೆ ಉಣುಗಿನಿಂದ ಹರಡುವ ಪೈರೊಪ್ಲಾಸ್ಮೋಸಿಸ್ ಇಲ್ಲವೆಂದು ರಕ್ತ ಹೇಳಬೇಕು. ಆಮೇಲೆ, ಗಂಡಾದ್ದರಿಂದ, ಸಂಭೋಗದಿಂದ ಹರಡುವ ಸೋಂಕು ಇಲ್ಲವೆಂದು ತಿಳಿಯಲು ಅಮೆರಿಕದಲ್ಲಿ ಹೆಣ್ಣುಕುದುರೆಗಳ ಜೊತೆ ಬಿಟ್ಟು ಪರೀಕ್ಷಿಸಬೇಕು, ವಾರಗಟ್ಟಲೆ ಕ್ವಾರಂಟೈನ್. ಖರ್ಚು ಕೊಂಡವರದು. ಅಳಿಯನಿಗೆ ವರದಕ್ಷಿಣೆ ಕೊಟ್ಟವರುಂಟು, ಪ್ರಸ್ತದ ಬಿಲ್ಲು ಕಟ್ಟಿದವರೂ ಉಂಟು. ಆದರೆ ಪ್ರಸ್ತ ಬೇರೆಯವರ ಜೊತೆ ಆಗುವುದಕ್ಕೆ ಬಿಲ್ಲು ಕಟ್ಟಿದ್ದು ನಾನು ಕೇಳಿಲ್ಲ. ಬೀಜ ತೆಗೆಸಿದ ಕುದುರೆಗೆ ಈ ರಗಳೆ ಇಲ್ಲ, ನಾಲ್ಕಾರು ದಿನದಲ್ಲಿ ಮನೆಗೆ ಬರುತ್ತದೆ. "ಬೀಜ ತೆಗೆಸಿದ್ದು ಇಲ್ಲವೇ?" ಎಂದೆ. ಸ್ವಂತ ಮೀಸೆಗೇ ಕತ್ತರಿ ಕೇಳಿದಂತೆ ಆತ ಮೀಸೆ ಮುಟ್ಟಿಕೊಂಡ.

ಆಗ ಅಂಗಳದಲ್ಲಿ ಅದು ಹಾದು ಹೋಯಿತು. ಕಂದು ಬಣ್ಣ, ಹದಿಮೂರು ಹದಿನಾಲ್ಕು ವರ್ಷ, ಬೀಜ ತೆಗೆಸಿದ್ದು. ಮುಂಗಾಲು ಸ್ವಲ್ಪ ಹೊರಗೆ ಬೀಸಿ ನಡೆಯುತ್ತದೆ, ಕೆಳದುಟಿ ಜೋತಿದೆ, ಜೂಲನ್ನು ಯಾರೋ ಅಡುಗೆಮನೆಯ ಕತ್ತರಿಯಲ್ಲಿ ಮೋಟು ಮಾಡಿದ್ದಾರೆ. ಮೇಲೆ ಕಪ್ಪು ಶಾಲು ಹೊದ್ದ ಮುದುಕಿ. ಒಂದು ಕೈಯಲ್ಲಿ ಬ್ರೆಡ್ಡಿನ ಚೀಲ, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಯಾರನ್ನೋ ಬಯ್ಯುತ್ತಿದ್ದಾಳೆ, ಬಯ್ಗುಳದ ರಭಸಕ್ಕೆ ಹಿಮ್ಮಡಿಗಳು ಕುದುರೆಯ ಪಕ್ಕೆಗೆ ತಮಟೆ ಬಡಿಯುತ್ತಿವೆ. ಕುದುರೆ ಒಂದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೋಳಿಯೊಂದು ರೆಕ್ಕೆ ಬಡಿದು ಕಾಲಡಿಯಿಂದ ಹಾರಿತು. ಕುದುರೆ ನಿಂತು, ಕೋಳಿಗೆ ದಾರಿ ಬಿಟ್ಟು, ಮೆಟ್ಟಿಲಿನ ಹತ್ತಿರ ಹೋಗಿ, ಮುದುಕಿ ಇಳಿಯಲೆಂದು ತಾನೇ ಅಡ್ಡ ತಿರುಗಿ ನಿಂತಿತು.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ಟ್ರೇನರ್ ತೋಳು ಜಗ್ಗಿದರು: "ಅದು ಬೇಡ, ಅದಕ್ಕೆ ನಡಿಗೆಯೇ ಇಲ್ಲ, ಐದಕ್ಕಿಂತ ಹೆಚ್ಚು ಅಂಕ ಬರಲ್ಲ." ನಾನು ತೋಳು ಬಿಡಿಸಿಕೊಂಡೆ.

"ಅದಕ್ಕೆಷ್ಟು?"

"ಅದು ಮಾರೋದಕ್ಕಲ್ಲ," ಎಂದ ಯಜಮಾನ. "ಅಜ್ಜಿಯದು."

ಬಿಳಿ ಕುದುರೆಗೆ ಹೇಳಿದ್ದ ಬೆಲೆಯನ್ನೇ ಹೇಳಿದೆ. ತಲೆ ಅಲ್ಲಾಡಿಸಿದ. ಒಂದೂವರೆ ಪಟ್ಟು ಹೇಳಿದೆ. ಟ್ರೇನರ್ ಮುಖ ಮೊದಲ ಸಲ ಅರಳಿತು, ಶೇಕಡಾ ಹತ್ತರ ಲೆಕ್ಕ ಹಾಕಿರಬೇಕು.

"ಅಜ್ಜಿ ಇರೋ ತನಕ ಆ ಮಾತೇ ಇಲ್ಲ."

ಬೆಟ್ಟದಷ್ಟು ಸಂಸ್ಕಾರ ಕೊಟ್ಟು ಬೆಳೆಸಿದ ತಾಯಿ ನನ್ನದು. ಆದರೂ ಬಾಯಿ ಕೇಳಿಬಿಟ್ಟಿತು: "ಅಜ್ಜಿಗೆ ವಯಸ್ಸೆಷ್ಟು?"

"ಎಂಬತ್ತೊಂದು," ಎಂದ. ನನ್ನ ಮುಖವನ್ನೊಮ್ಮೆ ನೋಡಿ, ಚೆಸ್ಟ್‌ನಟ್ಟಿನ ಸಿಪ್ಪೆ ಸುಲಿಯುತ್ತ ಸೇರಿಸಿದ: "ಒಳಗೆ ಅವರಮ್ಮ ಇದ್ದಾರೆ. ಬ್ರೆಡ್ಡು ಅವರಿಗೇ."